ಹೆಣೆದ ಮಫ್ಲರ್ ಅಂಚು ಸುರುಳಿ ಸುತ್ತಿಕೊಳ್ಳುವುದು ಯಾಕೆ?

ಪ್ರಶ್ನೆ: ಯೂಟ್ಯೂಬ್ ನೋಡಿ ಹೆಣಿಗೆ ಕಲಿತೆ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕಿ ಮಗನಿಗೆ ಮಫ್ಲರ್ ಹೆಣೆದಿದ್ದೇನೆ. ಕಡ್ಡಿಯಿಂದ ಇಳಿಸಿದ ಮೇಲೆ ಎರಡೂ ಪಕ್ಕದ ಅಂಚು ಸುತ್ತಿಕೊಂಡು ಹಗ್ಗದ ಹಾಗೆ ಆಗಿದೆ. ಒಗೆದು ನೋಡಿದೆ, ಇಸ್ತ್ರಿ ಮಾಡಿದೆ. ಮತ್ತೆ ಹಾಗೇ. ನನ್ನ ಕೈ ಬಿಗಿ ಅಂತ ಅತ್ತೆ ಹೇಳುತ್ತಾರೆ. ಸರಿಮಾಡುವ ದಾರಿ ಇದೆಯಾ?

ಉತ್ತರ: ಕೈಯದೇನೂ ತಪ್ಪಿಲ್ಲ. ನೀವು ಹೆಣೆದ ಬಟ್ಟೆಯ ಗುಣವೇ ಹಾಗೆ. ಎಷ್ಟು ವರ್ಷ ಸ್ವೆಟರ್ ಹೆಣೆದವರ ಕೈಯಲ್ಲೂ ಆ ಹೆಣಿಗೆ ಸುತ್ತಿಕೊಂಡೇ ಸುತ್ತಿಕೊಳ್ಳುತ್ತದೆ. ಅತ್ತೆಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಬಿಗಿಯಾಗಿ ಹೆಣೆದರೆ ಸುರುಳಿ ಜೋರು, ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಹೆಣೆದರೆ ಸ್ವಲ್ಪ ಮೆತ್ತಗೆ. ಆದರೆ ಕಾರಣ ಅದಲ್ಲ.

ನಿಟ್ ಅಂದರೆ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆದು ಹಾಕುವ ಕುಣಿಕೆ, ಪರ್ಲ್ ಅಂದರೆ ಮುಂದಿನಿಂದ ಹಿಂದಕ್ಕೆ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕುವ ಈ ಹೆಣಿಗೆಗೆ ಸ್ಟಾಕಿನೆಟ್ ಅನ್ನುತ್ತಾರೆ. ಮುಂದೆ ನುಣ್ಣಗೆ, ಒಂದರ ಮೇಲೊಂದು ‘ವಿ’ ಆಕಾರ. ಹಿಂದೆ ಅಡ್ಡಡ್ಡ ಉಬ್ಬು. ನಾವು ದಿನಾ ಹಾಕುವ ಬನಿಯನ್ನು, ಟೀ-ಶರ್ಟು ಕೂಡ ಇದೇ ಹೆಣಿಗೆ. ತಿರುಪ್ಪೂರಿನ ಮೆಷಿನ್ನುಗಳಲ್ಲಿ ಬಹಳ ಸಣ್ಣ ದಾರದಲ್ಲಿ ಆಗುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ನಂಬಿಕೆ ಬರದಿದ್ದರೆ ಹಳೇ ಟೀ-ಶರ್ಟ್ ಒಂದನ್ನು ತೆಗೆದುಕೊಳ್ಳಿ. ಕೆಳಗಿನ ಹೊಲಿಗೆ ಇರುವ ಪಟ್ಟಿಯನ್ನು ಕತ್ತರಿಸಿ ತೆಗೆದು, ಕತ್ತರಿಸಿದ ಅಂಚನ್ನು ಅಡ್ಡಕ್ಕೆ ಒಮ್ಮೆ ಎಳೆದು ಬಿಡಿ. ಅಂಚು ಹೊರಮೈ ಕಡೆಗೆ ಸುತ್ತಿಕೊಳ್ಳುತ್ತದೆ. ಈಗ ಅದೇ ಬಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಉದ್ದಕ್ಕೆ ಕತ್ತರಿಸಿ ನೋಡಿ. ಈ ಅಂಚು ಒಳಮೈ ಕಡೆಗೆ ಹೋಗುತ್ತದೆ. ನಿಮ್ಮ ಮಫ್ಲರನ್ನೂ ಹರವಿ ನೋಡಿ. ಶುರು ಮಾಡಿದ ತುದಿ, ಮುಗಿಸಿದ ತುದಿ ಎರಡೂ ಮುಂದಕ್ಕೆ ಬಾಗಿರುತ್ತವೆ. ಎರಡು ಪಕ್ಕಗಳು ಹಿಂದಕ್ಕೆ.

ಎರಡು ಕಡೆ ಎರಡು ದಿಕ್ಕು ಯಾಕೆ? ಒಂದೇ ಒಂದು ಕುಣಿಕೆಯನ್ನು ಗಮನಿಸಿದರೆ ಗೊತ್ತಾಗುತ್ತದೆ. ನಿಟ್ ಹಾಕುವಾಗ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆಯುತ್ತೇವೆ, ಅಲ್ವಾ? ಕುಣಿಕೆಯ ಎರಡು ಕಾಲು ಮುಂದೆ ಬರುತ್ತವೆ. ‘ವಿ’ ಅಂತ ಕಾಣುವುದು ಅವೇ. ಕುಣಿಕೆಯ ತಲೆ, ಬುಡ ಎರಡೂ ಹಿಂದೆ ಉಳಿಯುತ್ತವೆ. ಹಿಂದುಗಡೆಯ ಉಬ್ಬು ಅಂದರೆ ಅದು. ಹಾಗಾಗಿ ಪ್ರತಿ ಕಾಲೂ ಹಿಂದಿನಿಂದ ಹೊರಟು, ಮುಂದಕ್ಕೆ ಉಬ್ಬಿ, ಮತ್ತೆ ಹಿಂದಕ್ಕೆ ಹೋಗುತ್ತದೆ. ದಾರಕ್ಕೆ ಬಾಗಿರುವುದು ಇಷ್ಟವಿಲ್ಲ, ನೇರವಾಗಲು ನೋಡುತ್ತದೆ. ಮುಂದಕ್ಕೆ ಉಬ್ಬಿದ ಕಾಲು ನೇರವಾಗಲು ಹೊರಟರೆ ಅದರ ಮೇಲಿನ, ಕೆಳಗಿನ ತುದಿಗಳು ಮುಂದಕ್ಕೆ ಬರಲೇಬೇಕು. ಅಡ್ಡಕ್ಕೆ ಇದರ ತಿರುಗುಮುರುಗು. ಹಿಂದುಗಡೆ ಕಮಾನಾಗಿ ಉಬ್ಬಿದ ದಾರ ನೇರವಾಗಲು ಹೊರಟು ಎಡ-ಬಲದ ತುದಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಬಟ್ಟೆಯ ನಡುವೆ ಅಕ್ಕಪಕ್ಕದ ಕುಣಿಕೆಗಳು ಹಿಡಿದುಕೊಂಡಿರುವುದರಿಂದ ಏನೂ ಆಗುವುದಿಲ್ಲ. ಅಂಚಿನಲ್ಲಿ ಹಿಡಿಯುವವರಿಲ್ಲ. ಸುತ್ತಿಕೊಳ್ಳುತ್ತದೆ.

ನೇಯ್ದ ಬಟ್ಟೆಗೆ ಈ ತಾಪತ್ರಯ ಇಲ್ಲ. ನಮ್ಮ ಕುರುಬರು ಗುಂಡಿ ಮಗ್ಗದಲ್ಲಿ ನೇಯುವ ಕಂಬಳಿಯೂ ಉಣ್ಣೆಯದೇ, ಅದೂ ಒರಟು ಉಣ್ಣೆ. ಆದರೆ ಅಲ್ಲಿ ಹಾಸು, ಹೊಕ್ಕು ಎರಡೂ ಹೆಚ್ಚುಕಮ್ಮಿ ನೇರವಾಗಿ ಒಂದನ್ನೊಂದು ದಾಟಿ ಹೋಗುತ್ತವೆ. ಸಾಲದ್ದಕ್ಕೆ ಹುಣಸೆ ಬೀಜದ ಗಂಜಿ ಬೇರೆ ಹಚ್ಚುತ್ತಾರೆ. ಕಂಬಳಿಯ ಅಂಚು ಸುತ್ತಿಕೊಂಡದ್ದನ್ನು ಯಾರೂ ನೋಡಿರಲಿಕ್ಕಿಲ್ಲ.

ಹಾಗಾದರೆ ಮಫ್ಲರ್ ಮಟ್ಟಸವಾಗಿ ಮಲಗಬೇಕಾದರೆ ಏನು ಮಾಡಬೇಕು? ಮುಂದಕ್ಕೆ ಎಳೆಯುವ ಕುಣಿಕೆ ಎಷ್ಟಿವೆಯೋ ಹಿಂದಕ್ಕೆ ಎಳೆಯುವವೂ ಅಷ್ಟೇ ಇರಬೇಕು. ಆಗ ಒಂದರ ಎಳೆತ ಇನ್ನೊಂದಕ್ಕೆ ವಜಾ ಆಗುತ್ತದೆ. ಎಲ್ಲ ಸಾಲನ್ನೂ ನಿಟ್ಟೇ ಹಾಕಿದರೆ ಬರುವ ಗಾರ್ಟರ್ ಹೆಣಿಗೆಯಲ್ಲಿ ಆಗುವುದು ಇದೇ. ಪ್ರತಿ ಸಾಲಿಗೂ ಬಟ್ಟೆ ತಿರುಗಿಸುವುದರಿಂದ ಒಂದು ಸಾಲು ಈ ಕಡೆಯ ಮುಖ, ಇನ್ನೊಂದು ಆ ಕಡೆಯ ಮುಖ. ಎರಡು ನಿಟ್, ಎರಡು ಪರ್ಲ್ ಹಾಕುವ ರಿಬ್‌ನಲ್ಲಿ ಕಂಬ ಕಂಬವಾಗಿ ಅದಲು ಬದಲು. ಒಂದು ನಿಟ್, ಒಂದು ಪರ್ಲ್ ಹಾಕಿ ಮುಂದಿನ ಸಾಲಿನಲ್ಲಿ ಜಾಗ ಬದಲಿಸುವ ಮಾಸ್ ಹೆಣಿಗೆಯಲ್ಲಿ ಕುಣಿಕೆ ಕುಣಿಕೆಗೂ ಬದಲು. ಮೂರರಲ್ಲಿ ಯಾವುದೂ ಸುತ್ತಿಕೊಳ್ಳುವುದಿಲ್ಲ.

ಇದೆಲ್ಲ ಸುಮ್ನೆ ಮನೆಮಾತು ಅಂದುಕೊಳ್ಳಬೇಡಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಎಲಿಸಬೆಟ್ಟಾ ಮಾತ್ಸುಮೋಟೊ ಅನ್ನುವ ಭೌತವಿಜ್ಞಾನಿ ಇದ್ದಾರೆ. ಸ್ವತಃ ಹೆಣಿಗೆ ಹಾಕುವವರು. ಸ್ಟಾಕಿನೆಟ್, ಗಾರ್ಟರ್, ರಿಬ್, ಮಾಸ್ ಈ ನಾಲ್ಕೂ ಹೆಣಿಗೆಗಳು ಎಳೆದಾಗ ಬೇರೆ ಬೇರೆ ಥರ ಹಿಗ್ಗುವುದು ಯಾಕೆ ಎಂದು ಅವರ ತಂಡ ಅಳೆದು, ಲೆಕ್ಕ ಹಾಕಿ 2024ರಲ್ಲಿ ಪ್ರಬಂಧವನ್ನೇ ಬರೆಯಿತು. ದಾರ ಅದೇ, ಕುಣಿಕೆಯೂ ಅದೇ. ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದರ ಮೇಲೆ ಬಟ್ಟೆಯ ಸ್ವಭಾವವೇ ಬದಲಾಗುತ್ತದೆ.

ಈಗ ಇಸ್ತ್ರಿ ವಿಷಯ. ಮೊದಲು ನಿಮ್ಮ ದಾರ ಯಾವುದು ಅಂತ ಗೊತ್ತಿರಬೇಕು. ಅಂಗಡಿಯಲ್ಲಿ ಉಲ್ಲನ್ ಅಂತ ಕೇಳಿದರೆ ನಮ್ಮ ಕಡೆ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್. ಅದು ಪ್ಲಾಸ್ಟಿಕ್ ಜಾತಿಯ ದಾರ. ಚೀಟಿ ಕಳೆದುಹೋಗಿದ್ದರೆ ಗೇಣುದ್ದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಂಡು ತುದಿಗೆ ಬೆಂಕಿ ತಾಗಿಸಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕಪ್ಪು ಹೊಗೆ ಬಿಟ್ಟು ಕರಗಿ ಗಟ್ಟಿ ಗುಂಡು ಆಗುತ್ತದೆ. ಆರಿದ ಮೇಲೆ ಮುಟ್ಟಿ, ಬಿಸಿಯಿದ್ದಾಗ ಬೆರಳಿಗೆ ಅಂಟಿಕೊಳ್ಳುತ್ತದೆ.

ಉಣ್ಣೆಯಾದರೆ ನೀರಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಹಿಂಡಿ, ಹಾಸಿಗೆ ಮೇಲೆ ಅಳತೆಗೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಿಸಿದರೆ ಆ ಆಕಾರದಲ್ಲಿ ಸ್ವಲ್ಪ ಕಾಲ ನಿಲ್ಲುತ್ತದೆ. ನೆನೆದಾಗ ಉಣ್ಣೆಯ ಎಳೆಯೊಳಗಿನ ಬಿಗಿ ಸಡಿಲವಾಗಿ, ಒಣಗುವಾಗ ಹೊಸ ಆಕಾರದಲ್ಲಿ ಕೂರುತ್ತದೆ. ಅಂಚು ಮಾತ್ರ ಕತ್ತಿಗೆ ಸುತ್ತಿಕೊಂಡು ಓಡಾಡಿದ ಹಾಗೆಲ್ಲ ಮತ್ತೆ ಬಾಗಲು ಶುರುಮಾಡುತ್ತದೆ. ಇನ್ನೊಮ್ಮೆ ನೆನೆಸಿದರಂತೂ ಮೊದಲಿನ ಕಥೆಯೇ. ಅಕ್ರಿಲಿಕ್‌ಗೆ ಬರೀ ನೀರಿನಿಂದ ಏನೂ ಆಗುವುದಿಲ್ಲ. ಬಿಸಿ ಹಬೆ ಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಒಂದಿಂಚು ಮೇಲೆ ಹಿಡಿದು ಹಬೆ ಬಿಡಬೇಕು. ಒತ್ತಿದಿರೋ, ಎಳೆ ಕರಗಿ ಚಪ್ಪಟೆಯಾಗಿ ಹೊಳೆಯಲು ಶುರುವಾಗುತ್ತದೆ. ಆಮೇಲೆ ಅದು ಜೋಲುಬಿದ್ದ ಹಾಗೇ ಇರುತ್ತದೆ, ಹಳೇ ಪುಟಿತ ಬರುವುದೇ ಇಲ್ಲ. ಹಬೆಯಲ್ಲೂ ಸುರುಳಿ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೀಗೆ ನೆನೆಸಿಯೋ ಹಬೆ ಕೊಟ್ಟೋ ಆಕಾರಕ್ಕೆ ಕೂರಿಸುವುದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ‘ಬ್ಲಾಕಿಂಗ್ ಮಾಡಿ, ಸರಿಹೋಗುತ್ತೆ’ ಅಂತ ವಿಡಿಯೋಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಸ್ಟಾಕಿನೆಟ್ ಮಫ್ಲರ್ ಮಟ್ಟಿಗೆ ಆ ಸಲಹೆ ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಮಫ್ಲರ್ ಬಿಚ್ಚಬೇಡಿ, ಅದಕ್ಕಿಂತ ಸುಲಭದ ದಾರಿ ಇದೆ. ಎರಡು ಪಕ್ಕ ಹೇಗಿದ್ದರೂ ಹಿಂದಕ್ಕೆ ಸುತ್ತಿಕೊಂಡು ಒಂದನ್ನೊಂದು ಹುಡುಕಿಕೊಂಡು ಹೋಗುತ್ತಿವೆ. ಹೋಗಲಿ ಬಿಡಿ. ಎರಡೂ ಅಂಚು ಸೇರಿಸಿ, ಅದೇ ದಾರ ಹಾಕಿದ ದಬ್ಬಣದಿಂದ ಉದ್ದಕ್ಕೂ ಹೊಲಿದುಬಿಡಿ. ನುಣ್ಣನೆಯ ಕಡೆ ಹೊರಗಿರಲಿ. ಹೊಲಿಗೆ ನಡುವೆ ಬರುವ ಹಾಗೆ ಚಪ್ಪಟೆ ಮಾಡಿದರೆ ಎರಡು ಪದರದ ಮಫ್ಲರ್ ಆಯಿತು. ಬೆಚ್ಚಗೂ ಇರುತ್ತದೆ, ಒಳಗಿನ ಗಂಟು, ದಾರದ ತುದಿ ಯಾವುದೂ ಕಾಣುವುದಿಲ್ಲ. ಅಗಲ ಅರ್ಧ ಆಗುತ್ತದೆ, ನಿಜ. ಒಂದು ಗೇಣಿಗಿಂತ ಕಮ್ಮಿ ಅಗಲ ಹೆಣೆದಿದ್ದರೆ ಇದು ಬೇಡ. ಆಗ ಹಿಂದುಗಡೆ ಹಳೇ ಕಾಟನ್ ಸೀರೆಯ ತುಂಡನ್ನು ಲೈನಿಂಗ್ ಥರ ಕೊಟ್ಟು ಕೈಹೊಲಿಗೆ ಹಾಕಿ. ಮಕ್ಕಳ ಕತ್ತಿಗೆ ಅಕ್ರಿಲಿಕ್ ಚುಚ್ಚುತ್ತದೆ ಅನ್ನುವ ತಕರಾರೂ ತಪ್ಪುತ್ತದೆ. ಸುತ್ತಲೂ ಕ್ರೋಶಾದಲ್ಲಿ ಬಾರ್ಡರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ನೋಡಲು ಚಂದ. ಆದರೆ ಒಂದು ಸಾಲು ಹಾಕಿದರೆ ಬಾರ್ಡರ್ ಸಮೇತ ಸುತ್ತಿಕೊಳ್ಳುತ್ತದೆ.

ಮುಂದಿನ ಸಲ ಹೆಣೆಯುವಾಗ ಕಡ್ಡಿಯ ನಂಬರ್ ಬಗ್ಗೆ ಹುಷಾರು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಸಾಮಾನ್ಯವಾಗಿ ಬ್ರಿಟಿಷ್ ನಂಬರ್. ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿಲಿಮೀಟರ್, 10 ಅಂದರೆ 3.25. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿ 8 ಅಂದರೆ 5 ಮಿಲಿಮೀಟರ್. ಅಮೆರಿಕದವರ ವಿಡಿಯೋ ನೋಡಿ ‘8 ನಂಬರ್ ಕೊಡಿ’ ಅಂದರೆ ಅವರದಕ್ಕಿಂತ ಸಣ್ಣ ಕಡ್ಡಿ ಕೈಗೆ ಬರುತ್ತದೆ. ಹೆಣಿಗೆ ಬಿಗಿಯಾಗುತ್ತದೆ. ನಿಮ್ಮ ಕೈ ಬಿಗಿ ಅನ್ನಿಸಿದ್ದಕ್ಕೆ ಇದೂ ಕಾರಣ ಇರಬಹುದು. ಮಿಲಿಮೀಟರ್ ಹೇಳಿ ಕೇಳುವುದು ಒಳ್ಳೆಯದು.

ಮಗನಿಗೆ ರಿಬ್ ಚೆನ್ನಾಗಿರುತ್ತದೆ. ಸಾಧಾರಣ ದಪ್ಪದ ದಾರಕ್ಕೆ 4 ಮಿಲಿಮೀಟರ್ ಕಡ್ಡಿಯಲ್ಲಿ 42 ಕುಣಿಕೆ ಏರಿಸಿ. ನಾಲ್ಕರ ಲೆಕ್ಕಕ್ಕೆ ಎರಡು ಜಾಸ್ತಿ ಇರಬೇಕು, ಆಗ ಎರಡೂ ಅಂಚು ಒಂದೇ ಥರ ಬರುತ್ತದೆ. ಮೊದಲ ಸಾಲು ಎರಡು ನಿಟ್, ಎರಡು ಪರ್ಲ್ ಹಾಕುತ್ತಾ ಹೋಗಿ ಕೊನೆಗೆ ಎರಡು ನಿಟ್. ತಿರುಗಿಸಿದ ಮೇಲೆ ಎಣಿಸುವ ಗೋಜೇ ಬೇಡ. ‘ವಿ’ ಕಂಡಲ್ಲಿ ನಿಟ್, ಉಬ್ಬು ಕಂಡಲ್ಲಿ ಪರ್ಲ್. ರಿಬ್ ಒಳಕ್ಕೆ ಎಳೆದುಕೊಳ್ಳುವುದರಿಂದ ಅಗಲ ಕಮ್ಮಿ ಕಾಣುತ್ತದೆ, ಗಾಬರಿ ಬೇಡ. ಅಗಲವಾಗಿ ಬೇಕು ಅಂದರೆ ಮಾಸ್ ಹಾಕಿ. ಕುಣಿಕೆ ಬೆಸ ಸಂಖ್ಯೆಯಲ್ಲಿರಲಿ, 35 ಅಂತಿಟ್ಟುಕೊಳ್ಳಿ. ಪ್ರತಿ ಸಾಲೂ ನಿಟ್‌ನಿಂದಲೇ ಶುರು, ನಿಟ್‌ಗೇ ಕೊನೆ. ಇಲ್ಲಿ ನಿಯಮ ಉಲ್ಟಾ, ‘ವಿ’ ಕಂಡಲ್ಲಿ ಪರ್ಲ್, ಉಬ್ಬು ಕಂಡಲ್ಲಿ ನಿಟ್.

ಸ್ಟಾಕಿನೆಟ್ ನುಣುಪೇ ಇಷ್ಟ ಅಂದರೆ ಶುರುವಿಗೆ, ಕೊನೆಗೆ ಒಂದೊಂದು ಇಂಚು ಮಾಸ್ ಹಾಕಿ. ಎರಡು ಪಕ್ಕದಲ್ಲೂ ಐದಾರು ಕುಣಿಕೆ ಮಾಸ್‌ನಲ್ಲೇ ಬರಲಿ. ಮಫ್ಲರಿನ ಅಗಲ ಜಾಸ್ತಿಯಿದ್ದರೆ ಈ ಪಟ್ಟಿಯೂ ಒಮ್ಮೊಮ್ಮೆ ಮಡಚಿಕೊಳ್ಳುತ್ತದೆ. ಪಕ್ಕದ ಪಟ್ಟಿಗೆ ಗಾರ್ಟರ್ ಹಾಕಬೇಡಿ. ಗಾರ್ಟರ್ ಸಾಲುಗಳು ಕುಗ್ಗಿ ಕೂರುತ್ತವೆ, ಅದೇ ಎತ್ತರಕ್ಕೆ ಹೆಚ್ಚು ಸಾಲು ಬೇಕು. ಪಕ್ಕ ಗಿಡ್ಡವಾಗಿ ನಡುಭಾಗ ಉಬ್ಬಿಕೊಳ್ಳುತ್ತದೆ.

ಕ್ರೋಶಾದಲ್ಲಿ ಮ್ಯಾಟ್ ಹಾಕಿದಾಗ ಅಂಚು ಏಳುವುದೂ ಇದೇನಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಅಲ್ಲ, ಅದು ಲೆಕ್ಕದ ತಪ್ಪು. ಗುಂಡು ಮ್ಯಾಟ್‌ನಲ್ಲಿ ಪ್ರತಿ ಸುತ್ತಿಗೂ ಕುಣಿಕೆ ಹೆಚ್ಚಿಸಬೇಕು, ಗಿಡ್ಡ ಕುಣಿಕೆಯಾದರೆ ಸುತ್ತಿಗೆ 6. ಕಮ್ಮಿ ಹೆಚ್ಚಿಸಿದರೆ ಬಟ್ಟಲಿನಂತೆ ಏಳುತ್ತದೆ, ಜಾಸ್ತಿಯಾದರೆ ಅಲೆ ಅಲೆ ಬರುತ್ತದೆ.

ಮ್ಯಾಟ್ ಮಾತು ಬಂತಲ್ಲ, ಆ ಕತ್ತರಿಸಿದ ಟೀ-ಶರ್ಟನ್ನು ಎಸೆಯಬೇಡಿ. ಸುರುಳಿ ಸುತ್ತುವ ಗುಣ ಉಪಯೋಗಕ್ಕೆ ಬರುವುದು ಅಲ್ಲೇ. ಕಂಕುಳಿನ ಕೆಳಗಿನ ಭಾಗವನ್ನು ಸುತ್ತಲೂ ಅಡ್ಡಕ್ಕೆ, ಒಂದಿಂಚು ಅಗಲದ ಪಟ್ಟಿಯಾಗಿ ಕತ್ತರಿಸಿ. ಪಟ್ಟಿಯ ಎರಡು ತುದಿ ಹಿಡಿದು ಜೋರಾಗಿ ಎಳೆದರೆ ಅಂಚುಗಳು ತಾವಾಗಿಯೇ ಒಳಗೆ ಸೇರಿ ದಪ್ಪ ದುಂಡು ದಾರ ಆಗುತ್ತದೆ. ಹೊರಮೈ ಒಳಗೆ ಹೋಗಿ ಟೀ-ಶರ್ಟಿನ ಒಳಮೈ ಬಣ್ಣ ಮೇಲೆ ಕಾಣುತ್ತದೆ. ಬಣ್ಣ ಜೋಡಿಸುವಾಗ ಬಟ್ಟೆಯನ್ನು ಮಗುಚಿ ನೋಡಿ. ದಪ್ಪ ಕ್ರೋಶಾ ಕಡ್ಡಿಯಲ್ಲಿ ಬಾಗಿಲ ಮುಂದಿನ ಮ್ಯಾಟ್ ಆರಾಮಾಗಿ ಹಾಕಬಹುದು. ಪಕ್ಕದಲ್ಲಿ ಹೊಲಿಗೆ ಇಲ್ಲದ ಟೀ-ಶರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು, ಗಂಟೇ ಇಲ್ಲದ ಉದ್ದನೆ ದಾರ ಬರುತ್ತದೆ. ರಬ್ಬರ್ ಪ್ರಿಂಟ್ ಇರುವ ಭಾಗ ಬಿಟ್ಟುಬಿಡಿ, ಅಲ್ಲಿ ಎಷ್ಟು ಎಳೆದರೂ ಪಟ್ಟಿ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ.