ಹೇಂಟೆಯ ಹಿಂಭಾಗ ಗಲೀಜಾಗಿದೆ, ಮೊಟ್ಟೆಯೂ ನಿಂತಿದೆ. ಏನು ಮಾಡಲಿ?

ಪ್ರಶ್ನೆ: ಮನೆಯಲ್ಲಿ ಸಾಕಿದ ಹೇಂಟೆಗಳಲ್ಲಿ ಒಂದರ ಬಾಲದ ಕೆಳಗೆ ಬಿಳಿ-ಹಳದಿ ಗಲೀಜು ಅಂಟಿಕೊಂಡಿದೆ. ಹತ್ತಿರ ಹೋದರೆ ಕೆಟ್ಟ ವಾಸನೆ. ಮೊಟ್ಟೆ ಇಡ್ತಿಲ್ಲ, ಮೂಲೆಯಲ್ಲಿ ಮಂಕಾಗಿ ಕೂತಿರುತ್ತದೆ. ನೀರಿಗೆ ಆಂಟಿಬಯೋಟಿಕ್ ಪುಡಿ ಹಾಕಿ ಕೊಡಬಹುದಾ?

ಉತ್ತರ: ಪುಡಿ ಸದ್ಯಕ್ಕೆ ಬೇಡ. ಮೊದಲು ಬಾಲ ಎತ್ತಿ ಸರಿಯಾಗಿ ನೋಡಿ.

ಕೋಳಿಗೆ ಹಿಕ್ಕೆ, ಮೂತ್ರ, ಮೊಟ್ಟೆ ಎಲ್ಲಕ್ಕೂ ಇರುವುದು ಒಂದೇ ದ್ವಾರ. ಹಾಗಾಗಿ ಹೊಟ್ಟೆಯೊಳಗೆ ಎಲ್ಲಿ ಏನು ಕೆಟ್ಟರೂ ಕೊಳೆ ಕಾಣುವುದು ಅಲ್ಲೇ. ಕಾರಣ ಗೊತ್ತಿಲ್ಲದೆ ಔಷಧಿ ಹಾಕಿದರೆ ಕಾಯಿಲೆ ಜಾಸ್ತಿಯಾಗುವ ಸಾಧ್ಯತೆಯೂ ಇದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕತ್ತಲಾದ ಮೇಲೆ ಹಿಡಿದರೆ ಕೋಳಿ ಅಷ್ಟು ಒದ್ದಾಡುವುದಿಲ್ಲ. ತಲೆ ನಿಮ್ಮ ಬೆನ್ನಿನ ಕಡೆ ಬರುವ ಹಾಗೆ ಕಂಕುಳಲ್ಲಿ ಇಟ್ಟುಕೊಳ್ಳಿ, ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಮೊಟ್ಟೆ ಇಡುತ್ತಿರುವ ಹೇಂಟೆಯ ದ್ವಾರ ಅಗಲವಾಗಿ, ತೇವವಾಗಿ, ಬಿಳಿಚಿಕೊಂಡಿರುತ್ತದೆ. ಮೊಟ್ಟೆ ನಿಲ್ಲಿಸಿದ್ದರೆ ಚಿಕ್ಕದಾಗಿ, ಒಣಗಿ, ಸುಕ್ಕುಗಟ್ಟಿರುತ್ತದೆ. ಇವೆರಡೂ ಕಾಯಿಲೆ ಅಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೂ ಕಾಯಿಲೆ ಅಲ್ಲ, ಅದು ಕೋಳಿಯ ಮೂತ್ರ. ಆಗಾಗ ಬೀಳುವ ಕಂದು ಬಣ್ಣದ, ಅಂಟಂಟಾದ, ಗಬ್ಬು ನಾರುವ ಹಿಕ್ಕೆಯೂ ಸಹಜವೇ. ಇದನ್ನು ನೋಡಿ ಗಾಬರಿಯಾಗುವವರೇ ಜಾಸ್ತಿ!

ಕೆಂಪು ಮಾಂಸದ ಮುದ್ದೆ ಹೊರಗೆ ಬಂದಿದ್ದರೆ ಮಾತ್ರ ತಡಮಾಡಬೇಡಿ. ಮೊಟ್ಟೆ ಬರುವ ನಾಳ ಜಾರಿ ಹೊರಬಂದಿದೆ ಅಂತ ಅರ್ಥ. ಕೋಳಿಗಳು ಕೆಂಪು ಕಂಡರೆ ಕುಕ್ಕುತ್ತವೆ, ಸ್ವಲ್ಪ ಹೊತ್ತಿನಲ್ಲೇ ಕರುಳನ್ನೂ ಎಳೆದು ಹಾಕಿಬಿಡಬಹುದು. ಆ ಹೇಂಟೆಯನ್ನು ತಕ್ಷಣ ಬೇರೆ ಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಊದಿದ್ದರೆ ಸ್ವಲ್ಪ ಸಕ್ಕರೆ ಉದುರಿಸಿದರೆ ಊತ ಇಳಿಯುತ್ತದೆ. ಆಮೇಲೆ ಗ್ಲೌಸ್ ಹಾಕಿ, ಜಾರಲು ಹಚ್ಚುವ ಜೆಲ್ಲಿ (ಲೂಬ್ರಿಕೆಂಟ್) ಸವರಿದ ಬೆರಳಿನಿಂದ ನಿಧಾನವಾಗಿ ಒಳಗೆ ತಳ್ಳಿ. ಹರಿದಿದ್ದರೆ, ಕಪ್ಪಾಗಿದ್ದರೆ ನೀವು ಕೈ ಹಾಕಬೇಡಿ, ಡಾಕ್ಟರೇ ನೋಡಲಿ. ಒಳಗೆ ಹೋದ ಮೇಲೂ ಕೆಲವು ದಿನ ಮಬ್ಬು ಬೆಳಕಿನಲ್ಲಿಡಿ. ಬೆಳಕು ಕಡಿಮೆಯಾದರೆ ಮೊಟ್ಟೆ ಇಡುವುದು ನಿಲ್ಲುತ್ತದೆ, ಆ ಜಾಗಕ್ಕೆ ಬಿಡುವು ಸಿಗುತ್ತದೆ. ಇಷ್ಟಾದರೂ ಇದು ಮರುಕಳಿಸುವ ತೊಂದರೆ ಅನ್ನೋದು ಗೊತ್ತಿರಲಿ.

ಹೇಂಟೆ ಬೆನ್ನು ನೆಟ್ಟಗೆ ಮಾಡಿ ನಿಂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಿರುವ ಬೋಗುಣಿಯಲ್ಲಿ 15-20 ನಿಮಿಷ ಕೂರಿಸಿ. ಒರೆಸಿ, ಬೆಚ್ಚಗಿನ ಕತ್ತಲ ಜಾಗದಲ್ಲಿ ಸುಮ್ನೆ ಬಿಡಿ. ಹೊಟ್ಟೆ ಹಿಸುಕಬೇಡಿ. ಮೊಟ್ಟೆ ಒಳಗೇ ಒಡೆದರೆ ಚಿಪ್ಪಿನ ಚೂರು ಗಾಯ ಮಾಡಿ ಕೀವಾಗುತ್ತದೆ. ಅದೇ ದಿನ ಮೊಟ್ಟೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ, ಅವರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಡಬಹುದು. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಮಾರು 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರಬೇಕು. ಬರೀ ಕಾಳು, ಅನ್ನ ಹಾಕಿದರೆ ಅಷ್ಟು ಸಿಗುವುದಿಲ್ಲ.

ಈಗ ನಿಮ್ಮ ಹೇಂಟೆಗೆ ಬರೋಣ. ಬಿಳಿ-ಹಳದಿ ಲೋಳೆ, ಹುಳಿ ವಾಸನೆ, ಸುತ್ತ ಕೆಂಪಾದ ಚರ್ಮ, ಉದುರಿದ ಪುಕ್ಕ ಇಷ್ಟೂ ಇದ್ದರೆ ದ್ವಾರದ ಒಳಗೆ ಉರಿಯೂತ ಇದೆ. ಹೆಚ್ಚಾಗಿ ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಇದರಲ್ಲಿ ಸೇರಿಕೊಂಡಿರುತ್ತದೆ. ಬೂಷ್ಟು ಹಿಡಿದ ಕಾಳು, ಪಾಚಿಗಟ್ಟಿದ ನೀರು ಇದಕ್ಕೆ ದಾರಿ. ಇನ್ನೊಂದು ದಾರಿ ಆಂಟಿಬಯೋಟಿಕ್! ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಶಿಲೀಂಧ್ರಕ್ಕೆ ಜಾಗ ಸಿಕ್ಕಿತು ಅಲ್ವಾ? ಪುಡಿ ಬೇಡ ಅಂದಿದ್ದು ಅದಕ್ಕೇ.

ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಲೀಜು ಮೆತ್ತಗಾಗಲು ಬಿಡಿ. ಒಣಗಿದ್ದನ್ನು ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಮೆತ್ತಿಕೊಂಡ ಪುಕ್ಕವನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಳಬೇಡಿ. ಪೂರ್ತಿ ಒಣಗಿಸಿ. ಶಿಲೀಂಧ್ರ ಕೊಲ್ಲುವ ಔಷಧಿಗಳಾದ ಕ್ಲೋಟ್ರಿಮಜೋಲ್ ಕ್ರೀಮನ್ನು ಹಚ್ಚಲು, ನಿಸ್ಟಾಟಿನನ್ನು ಬಾಯಿಗೆ ಕೊಡುವುದುಂಟು. ಪ್ರಮಾಣವನ್ನು ಮಾತ್ರ ಡಾಕ್ಟರೇ ಹೇಳಬೇಕು. ನೀರಿಗೆ ವಿನೆಗರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹಾಕುವುದೇ ಆದರೆ ಸತು ಲೇಪಿಸಿದ ತಗಡಿನ ಪಾತ್ರೆಯಲ್ಲಿ ಹಾಕಬೇಡಿ, ಹುಳಿಗೆ ಸತು ಬಿಡುತ್ತದೆ.

ಪುಕ್ಕದ ಬುಡವನ್ನೂ ಬಿಡಿಸಿ ನೋಡಿ. ಬೂದು-ಬಿಳಿ ಮೊಟ್ಟೆಗಳು ಗೊಂಚಲಾಗಿ ಅಂಟಿದ್ದರೆ ಅದು ಹೇನು. ಕಪ್ಪಗೆ ಮಣ್ಣು ಮೆತ್ತಿದ ಹಾಗಿದ್ದು, ಚುಕ್ಕೆಗಳು ನಿಮ್ಮ ಕೈ ಮೇಲೆ ಹರಿದರೆ ನುಸಿ. ಆಗ ಒಂದಕ್ಕೇ ಅಲ್ಲ, ಎಲ್ಲ ಕೋಳಿಗಳಿಗೂ ಗೂಡಿಗೂ ಔಷಧಿ ಬೇಕು. ಹೇನಿನ ಮೊಟ್ಟೆ ಮೊದಲ ಔಷಧಿಗೆ ಸಾಯುವುದಿಲ್ಲ, 7-10 ದಿನ ಬಿಟ್ಟು ಇನ್ನೊಮ್ಮೆ ಹಾಕಬೇಕು.

ಬಿಸಿಲುಗಾಲದಲ್ಲಿ ಗಲೀಜಿಗೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತವೆ, ಚರ್ಮ ಕೊರೆದು ಒಳಗೆ ಇಳಿಯುತ್ತವೆ. ಆದ್ದರಿಂದ ತೊಳೆಯುವುದನ್ನು ನಾಳೆಗೆ ಇಡಬೇಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕೋಳಿಯ ಹಿಕ್ಕೆಯಲ್ಲಿರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನಮಗೂ ಅಂಟುತ್ತದೆ. ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ.

ಹೊಟ್ಟೆ ನೀರು ತುಂಬಿದ ಹಾಗೆ ಊದಿದ್ದರೆ, ಮೇವು ಪೂರ್ತಿ ಬಿಟ್ಟಿದ್ದರೆ ಮನೆಮದ್ದು ಸಾಕಾಗುವುದಿಲ್ಲ. ಒಟ್ಟಿಗೆ ಹಲವು ಕೋಳಿ ಹಸಿರು ಹಿಕ್ಕೆ ಹಾಕುತ್ತಿದ್ದರೆ, ಕತ್ತು ತಿರುಚುತ್ತಿದ್ದರೆ, ಇದ್ದಕ್ಕಿದ್ದಂತೆ ಸಾಯುತ್ತಿದ್ದರೆ ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿಜ್ವರವೋ ಇರಬಹುದು. ಆಗ ಕೋಳಿಗಳನ್ನು ತೊಳೆಯಲು ಹೋಗಬೇಡಿ, ಮುಟ್ಟಲೂ ಬೇಡಿ. ಮೊದಲು ಪಶುವೈದ್ಯರಿಗೆ ಫೋನ್ ಮಾಡಿ.