ಬಾಕ್ಸಿಂಗ್‌ನಲ್ಲಿ ಜ್ಯಾಬ್ ಹೊಡೆದಾಗೆಲ್ಲ ಬಲಗೈ ಏಟು ಬೀಳುವುದೇಕೆ?

ಪ್ರಶ್ನೆ: ನಾ ಜ್ಯಾಬ್ ಹೊಡದಾಗೆಲ್ಲ ಅದರ ಮ್ಯಾಲಿಂದ ಎದುರಿನವರ ಬಲಗೈ ಮುಖಕ್ಕ ಬೀಳ್ತದ. ಇನ್ನೂ ಜೋರಾಗಿ ಹೊಡೀಬೇಕೇನ್ರಿ? (ಕಲಬುರಗಿಯ ಓದುಗರೊಬ್ಬರು)

ಉತ್ತರ: ಜೋರು ಬೇಡ. ಜ್ಯಾಬ್ ಎಂದರೆ ಮುಂದಿಟ್ಟ ಕೈಯಿಂದ, ನಿಮಗಾದರೆ ಎಡಗೈಯಿಂದ, ನೇರವಾಗಿ ಹೊಡೆಯುವ ಏಟು. ಸಾಮಾನ್ಯವಾಗಿ ಕಾರಣ ಎರಡು. ಎಡಗೈ ಹೋದ ದಾರಿಯಲ್ಲೇ ಹಿಂದಿರುಗದೆ ಎದೆಯ ಮಟ್ಟಕ್ಕೆ ಇಳಿದು ಬರುತ್ತಿದೆ. ಇಲ್ಲವೇ ನಿಮ್ಮ ಜ್ಯಾಬ್ ಪ್ರತಿ ಸಲವೂ ಒಂದೇ ದೂರಕ್ಕೆ, ಒಂದೇ ಲಯದಲ್ಲಿ ಹೋಗುತ್ತಿದೆ. ಎದುರಾಳಿ ಅದಕ್ಕಾಗಿಯೇ ಕಾದು ನಿಂತಿದ್ದಾನೆ.

ಮೊದಲನೆಯದನ್ನು ಕನ್ನಡಿ ಮುಂದೆ ಸರಿಪಡಿಸಬಹುದು. ಮೊಣಕೈ ಪಕ್ಕಕ್ಕೆ ಏಳಬಾರದು. ಎದ್ದರೆ ಏಟು ಹೊರಡುವ ಮೊದಲೇ ಸುಳಿವು ಸಿಗುತ್ತದೆ. ಮುಷ್ಟಿ ತಿರುಗುವುದು ಕೊನೆಯಲ್ಲಿ. ಕೈ ಚಾಚಿದಾಗ ಎಡಭುಜ ಗದ್ದಕ್ಕೆ ತಾಗಲಿ, ಬಲಗೈ ಕೆನ್ನೆ ಬಿಡದಿರಲಿ, ತಲೆ ತುಸು ಬಲಕ್ಕೆ ಸರಿಯಲಿ.

ಎರಡನೆಯದಕ್ಕೆ ಬೇಕಿರುವುದು ಬೇರೆ ಬೇರೆ ಜ್ಯಾಬ್. ದೂರ ಅಳೆಯುವ ಜ್ಯಾಬ್ ಹಗುರ, ಕಾಲು ಹೆಚ್ಚು ಕದಲುವುದಿಲ್ಲ. ಎದುರಾಳಿಯ ಗಾರ್ಡ್ (ಏಟು ತಡೆಯಲು ಎತ್ತಿಟ್ಟ ಕೈಗಳು) ಎಲ್ಲಿದೆ, ಬೆದರಿದಾಗ ಯಾವ ಕೈ ಎತ್ತುತ್ತಾನೆ ಎಂದು ತಿಳಿಯಲು ಅದು. ಅಂಕದ ಆಸೆ ಬೇಡ: ಬರೀ ಸವರಿ ಹೋದದ್ದನ್ನು ತೀರ್ಪುಗಾರರು ಗಣಿಸುವುದಿಲ್ಲ. ಅಂಕಕ್ಕೆ ಹೆಜ್ಜೆಯ ಜ್ಯಾಬ್ ಬೇಕು. ಹಿಂಗಾಲಿನಿಂದ ತಳ್ಳಿ, ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ಮುಷ್ಟಿಯೂ ತಲುಪಬೇಕು. ಕಾಲು ಮೊದಲು ಬಿದ್ದರೆ ಮೈಭಾರವೆಲ್ಲ ನೆಲಕ್ಕೆ ಹೋಯಿತು, ಏಟಿನಲ್ಲಿ ಬರೀ ತೋಳು ಉಳಿಯಿತು.

ಬಲಗೈ ಹೊಡೆಯಲು ಕಾದು ನಿಂತವನಿಗೆ ನಿಜವಾದ ಮದ್ದು ಅರ್ಧ ಜ್ಯಾಬ್. ಭುಜ ಅಲ್ಲಾಡಿಸಿ, ಕೈ ಅರ್ಧ ಚಾಚಿ ನಿಲ್ಲಿಸಿ. ಅವನು ಬಲಗೈ ಬಿಟ್ಟರೆ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಅದು ಗಾಳಿಯಲ್ಲಿ ಹೋದ ಕೂಡಲೇ ನಿಮ್ಮ ಕ್ರಾಸ್, ಅಂದರೆ ಬಲಗೈಯ ನೇರ ಏಟು. ಎರಡು ಸಲ ಹೀಗಾದ ಮೇಲೆ ಅವನೇ ಹಿಂಜರಿಯುತ್ತಾನೆ. ಆಗ ಡಬಲ್ ಜ್ಯಾಬ್: ಮೊದಲನೆಯದು ಗಿಡ್ಡ, ಎರಡನೆಯದು ಹೆಜ್ಜೆಯೊಂದಿಗೆ. ಎರಡೂ ಒಂದೇ ವೇಗದಲ್ಲಿ ಹೋದರೆ ಪ್ರಯೋಜನ ಕಡಿಮೆ.

ಹೊಟ್ಟೆಗೆ ಜ್ಯಾಬ್ ಹೊಡೆಯುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ; ಬಗ್ಗಿದ ಮುಖಕ್ಕೆ ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್ ಸುಲಭ. ಕೆಳಗಿನಿಂದ ಏರುವ ಅಪ್ ಜ್ಯಾಬ್ ನಿಮಗೆ ಸದ್ಯ ಬೇಡ. ಎಡಗೈ ಕೆಳಗಿಟ್ಟು ಶುರುಮಾಡುವ ಏಟದು, ನಿಮ್ಮ ತೊಂದರೆಯನ್ನೇ ದೊಡ್ಡದು ಮಾಡುತ್ತದೆ. ಕೈ ಚಾಚಿಯೇ ಇಟ್ಟು ಎದುರಾಳಿಯ ಕಣ್ಣು ಮರೆಮಾಡುವುದು ಅಮೆಚೂರ್ (ಹವ್ಯಾಸಿ) ನಿಯಮದಲ್ಲಿ ಫೌಲ್.

ಅಭ್ಯಾಸಕ್ಕೆ ನಮ್ಮ ಕಡೆಯ ಶಹಾಬಾದ್ ಫರ್ಸಿಯ (ನೆಲಹಾಸು ಕಲ್ಲಿನ) ಸಂದು ಸಾಕು. ಒಂದೇ ಸಂದಿನ ಒಂದು ಬದಿಗೆ ಮುಂಗಾಲು, ಇನ್ನೊಂದು ಬದಿಗೆ ಹಿಂಗಾಲು. ಹೆಜ್ಜೆ ಇಟ್ಟಾಗ ಯಾವ ಕಾಲೂ ಅದನ್ನು ದಾಟಬಾರದು. ಒದ್ದೆ ಫರ್ಸಿ ಜಾರುತ್ತದೆ, ಒರೆಸಿಕೊಳ್ಳಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಕಲ್ಲು ಕಾಯುವ ಮೊದಲೇ, ಬೆಳಿಗ್ಗೆ ಬೇಗ ಮುಗಿಸುವುದು ಲೇಸು. 3 ನಿಮಿಷದ 3 ಸುತ್ತು, ನಡುವೆ 1 ನಿಮಿಷ ಬಿಡುವು. ಮೊದಲ ಸುತ್ತಿನಲ್ಲಿ ಎಡಗೈ ಮಾತ್ರ. ಎರಡನೆಯದರಲ್ಲಿ ಜೊತೆಗಾರ ನಿಮ್ಮ ಜ್ಯಾಬ್ ಮೇಲಿಂದ ಮೆಲ್ಲಗೆ ಬಲಗೈ ಹಾಕುತ್ತಿರಲಿ, ನೀವು ಭುಜದಿಂದ ತಡೆಯಿರಿ. ಮೂರನೆಯದರಲ್ಲಿ ಅರ್ಧ ಜ್ಯಾಬ್ ಮತ್ತು ಕ್ರಾಸ್. ಎದುರಿಗೆ ಬಲಗೈ, ಬಲಗಾಲು ಮುಂದಿಟ್ಟು ಆಡುವ ಸೌತ್‌ಪಾ ಬಂದರೆ ಇಬ್ಬರ ಮುಂದಿನ ಕೈಗಳು ಡಿಕ್ಕಿ ಹೊಡೆಯುತ್ತವೆ. ನಿಮ್ಮ ಮುಂಗಾಲು ಅವನ ಮುಂಗಾಲಿನ ಹೊರಬದಿಗೆ ಇರಲಿ.