ಥೆರಪಿ ಕೋಣೆಯೊಳಗೆ ಒಂದು ಬಾರ್: ಕುಡಿತದ ಚಟಕ್ಕೆ ವಿಆರ್ ಯಾಕೆ?

ಕುಡಿತ ಬಿಡಬೇಕು ಅಂತ ಬಂದವರಿಗೆ ಮತ್ತೆ ಬಾರನ್ನೇ ತೋರಿಸುತ್ತಾರಾ? ಕುಡಿತದ ಚಿಕಿತ್ಸೆಯಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಹೆಡ್‌ಸೆಟ್ ಹಾಕಿಕೊಂಡರೆ ಒಳಗೇ ಇದ್ದಂತೆ ಕಾಣುವ ಕಂಪ್ಯೂಟರ್ ಲೋಕ) ಬಳಸುವ ಬಗೆಗಿನ ಪಾಠ ತೆರೆದಾಗ ನನಗೆ ಮೊದಲು ಹುಟ್ಟಿದ ಅನುಮಾನ ಇದು. ಉತ್ತರ ಸಿಗಬೇಕಾದರೆ ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಯಿಂದ ಶುರು ಮಾಡಬೇಕು.

ಪ್ರತಿ ಸಲ ಊಟಕ್ಕೆ ಮುಂಚೆ ಒಂದೇ ಸದ್ದು ಕೇಳಿದ ನಾಯಿಗೆ, ಆಮೇಲೆ ಬರೀ ಸದ್ದಿಗೇ ಜೊಲ್ಲು ಸುರಿಯುತ್ತಿತ್ತು. ಕುಡಿತದಲ್ಲೂ ಹೀಗೇ. ಗ್ಲಾಸಿನ ಸದ್ದು, ಸಂಜೆ ಹೊತ್ತು, ಜೊತೆಗೆ ಕುಡಿಯುತ್ತಿದ್ದ ಗೆಳೆಯ, ಜಗಳ ಆದಮೇಲಿನ ಬೇಜಾರು, ಇವೆಲ್ಲ ಕುಡಿಯುವ ಆಸೆ ಎಬ್ಬಿಸುವ 'ಕ್ಯೂ'ಗಳು. ಎದ್ದ ಆ ಆಸೆಗೆ ಕ್ರೇವಿಂಗ್ ಅಂತ ಹೆಸರು.

ಮಾತಿನ ಚಿಕಿತ್ಸೆ, ಮುಖ್ಯವಾಗಿ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಚಿಕಿತ್ಸೆ), ಇಂಥ ಅಪಾಯದ ಸಂದರ್ಭಗಳನ್ನು ಗುರುತಿಸಿ ಆಗ ಏನು ಮಾಡಬೇಕು ಅಂತ ಮೊದಲೇ ಯೋಚಿಸಿಡಲು ಕಲಿಸುತ್ತದೆ. ಆದರೆ ಶಾಂತವಾದ ಕೋಣೆಯಲ್ಲಿ ಕೂತು "ನಂಗೆ ಬೇಡ ಅಂತೀನಿ" ಅನ್ನುವುದು ಸುಲಭ. ಆಸೆ ಎದ್ದಿರುವಾಗ ಅದೇ ಮಾತು ಹೇಳುವುದು ಬೇರೆ ಕೆಲಸ, ಅಲ್ವಾ?

ಹಾಗಾಗಿ ಹಿಂದೆಯೇ 'ಕ್ಯೂ ಎಕ್ಸ್‌ಪೋಷರ್' ಅಂತ ಒಂದು ವಿಧಾನ ಬಂತು. ಬಾಟಲಿಯನ್ನು ಎದುರಿಗೆ ಇಡುವುದು, ಕುಡಿಯದೆ ಕೂರುವುದು. ಆಸೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಬಾಟಲಿಗೂ ಆಸೆಗೂ ಇರುವ ಗಂಟು ಸಡಿಲವಾಗುತ್ತದೆ. ಇದು ಎಕ್ಸ್‌ಟಿಂಕ್ಷನ್. ಕೇಳಲು ಚೆನ್ನಾಗಿದೆ. ಆದರೆ 2002ರಲ್ಲಿ ಸಂಶೋಧಕರಾದ ಕಾಂಕ್ಲಿನ್ ಮತ್ತು ಟಿಫನಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಇದರಿಂದ ಚಟ ಬಿಡುತ್ತದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ.

ಯಾಕೆ ಹಾಗಾಯಿತು? ನನ್ನ ಪ್ರಕಾರ ಪಾಠದ ತಿರುಳು ಇಲ್ಲಿದೆ. ಎಕ್ಸ್‌ಟಿಂಕ್ಷನ್ ಹಳೆಯ ಕಲಿಕೆಯನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದನ್ನು ಕೂರಿಸುತ್ತದೆ. ಆ ಹೊಸ ಕಲಿಕೆ, ಕಲಿತ ಜಾಗಕ್ಕೇ ಜಾಸ್ತಿ ಅಂಟಿಕೊಳ್ಳುತ್ತದೆ. ಕ್ಲಿನಿಕ್ಕಿನಲ್ಲಿ ಆಸೆ ಇಳಿಯಿತು, ಬಾರಿನ ಬಾಗಿಲಲ್ಲಿ ಮತ್ತೆ ಎದ್ದಿತು. ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ವರ್ಷಗಟ್ಟಲೆ ಅಧ್ಯಯನ ಮಾಡಿದ 'ರಿನ್ಯೂವಲ್' ಅಂದರೆ ಇದೇ.

ವಿಆರ್‌ನ ಮಹತ್ವ ತಿಳಿಯುವುದು ಈಗ. ಕೋಣೆ ಒಂದೇ, ಜಾಗ ಮಾತ್ರ ಬೇಕಾದಷ್ಟು. ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ರೂಪಿಸಿದ ಆಲ್ಕೋ-ವಿಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬಾರ್, ಪಬ್, ರೆಸ್ಟೋರೆಂಟ್, ಮನೆ ಎಲ್ಲವೂ ಇವೆ. ಹ್ಯೂಸ್ಟನ್‌ನಲ್ಲಿ ಪ್ಯಾಟ್ರಿಕ್ ಬೋರ್ಡ್‌ನಿಕ್ ಅವರ ತಂಡ ದೃಶ್ಯ, ಸದ್ದಿನ ಜೊತೆ ವಾಸನೆಯನ್ನೂ ಸೇರಿಸಿತ್ತು. (ವಿಆರ್ ಇಲ್ಲದ ಕಾಲದಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಸಂಶೋಧನೆಗೆಂದು ವಿಶ್ವವಿದ್ಯಾಲಯದೊಳಗೇ ನಿಜವಾದ ಬಾರಿನಂಥದ್ದನ್ನು ಕಟ್ಟಿಸಿದ್ದರು! ಅದಕ್ಕಿಂತ ಹೆಡ್‌ಸೆಟ್ ಸಲೀಸು.)

ಸೆಷನ್‌ನಲ್ಲಿ ಮಾತೇ ನಡೆಸುವುದು, ಹೆಡ್‌ಸೆಟ್ ಬರೀ ಸನ್ನಿವೇಶ ಒದಗಿಸುತ್ತದೆ. ಯಾವ ಜಾಗ, ಯಾವ ಹೊತ್ತು ಕಷ್ಟ ಅಂತ ಮೊದಲು ಮಾತಾಡಿ ಪಟ್ಟಿ ಮಾಡುತ್ತಾರೆ, ಕಡಿಮೆ ಕಷ್ಟದ್ದರಿಂದ ಆರಂಭಿಸುತ್ತಾರೆ. ಒಳಗೆ ಇರುವಾಗ ಥೆರಪಿಸ್ಟ್ ಕೇಳುತ್ತಿರುತ್ತಾರೆ: "ಈಗ ಆಸೆ ನೂರಕ್ಕೆ ಎಷ್ಟಿದೆ? ಮನಸ್ಸಲ್ಲಿ ಏನು ಓಡ್ತಿದೆ?" "ಒಂದೇ ಪೆಗ್ ತಾನೇ" ಅನ್ನುವ ಯೋಚನೆ ಅಲ್ಲೇ ಸಿಕ್ಕಿಬೀಳುತ್ತದೆ. ವಾರದ ನಂತರ ನೆನಪಿಸಿಕೊಂಡು ಹೇಳಿದರೆ ಅದು ಇಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆಸೆ ಇಳಿಯುವ ಮೊದಲೇ ಹೆಡ್‌ಸೆಟ್ ಕಳಚಿ ಸುಮ್ನೆ ಮನೆಗೆ ಕಳಿಸುವಂತಿಲ್ಲ.

ಮಿತಿಗಳೂ ಇವೆ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ತುಂಬಾ ಕುಡಿಯುವವರು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಆ ಹಂತಕ್ಕೆ ಬೇಕಿರುವುದು ವೈದ್ಯರು, ವಿಆರ್ ಅಲ್ಲ. ಇನ್ನು, ಸಣ್ಣ ಅಧ್ಯಯನಗಳಲ್ಲಿ ಕ್ರೇವಿಂಗ್ ಕಡಿಮೆಯಾದದ್ದು ಕಂಡಿದೆ ನಿಜ. ಆದರೆ ಕ್ರೇವಿಂಗ್ ಅಂಕಿ ಇಳಿಯುವುದು ಬೇರೆ, ವರ್ಷದ ನಂತರವೂ ಕುಡಿಯದೆ ಇರುವುದು ಬೇರೆ. ಫಲಿತಾಂಶ ಓದುವಾಗ ಯಾವುದನ್ನು ಅಳೆದಿದ್ದಾರೆ ಅಂತ ನೋಡಿ.

ನಾನು ಎಡವಿದ ಇನ್ನೊಂದು ಜಾಗ: 'ಕ್ಯೂ ರಿಯಾಕ್ಟಿವಿಟಿ' ಮತ್ತು 'ಕ್ಯೂ ಎಕ್ಸ್‌ಪೋಷರ್' ಒಂದೇ ಅಂದುಕೊಂಡಿದ್ದೆ. ಮೊದಲನೆಯದು ಕ್ಯೂ ತೋರಿಸಿದಾಗ ಆಸೆ ಎಷ್ಟು ಏರುತ್ತದೆ ಅನ್ನುವ ಅಳತೆ. ಎರಡನೆಯದು ಚಿಕಿತ್ಸೆ. ಎರಡಕ್ಕೂ ಬಳಸುವುದು ಅದೇ ವಿಆರ್ ಬಾರ್ ಆದ್ದರಿಂದ ಗೊಂದಲ ಆಗುತ್ತದೆ.